ಬತ್ತುವ ಸರೋವರಗಳ ಕಡಲಕ್ಕಿ

ಇಂಗ್ಲಿಷಿನಲ್ಲಿ ಗಲ್ ಎಂದು ಕರೆಯಲಾಗುವ ಕಡಲಕ್ಕಿಗಳಲ್ಲಿ ಜಗತ್ತಿನಾದ್ಯಂತ ಸುಮಾರು ಐವತ್ತು ಪ್ರಭೇದಗಳಿದ್ದು, ಅವುಗಳಲ್ಲಿ ಹಲವು ಮೀನುಗಾರಿಕೆಯ ಬಂದರು, ನಗರಗಳ ಕಸದ ರಾಶಿ, ಆಗತಾನೆ ಉತ್ತ ಹೊಲ ಹೀಗೆ ಮನುಷ್ಯನ ಚಟುವಟಿಕೆಯಿರುವ ಎಡೆಗಳಲ್ಲೆಲ್ಲ ಹೊಟ್ಟೆ ಹೊರೆಯುವುದನ್ನು ಕಲಿತು ತಮ್ಮ ಸಂತತಿಯನ್ನು ಬೆಳೆಸಿಕೊಂಡಿವೆ. ಮಧ್ಯ ಮತ್ತು ಪೂರ್ವ ಏಷ್ಯದಲ್ಲಿ ಮಾತ್ರ ಕಾಣಸಿಗುವ ರೆಲಿಕ್ಟ್ ಕಡಲಕ್ಕಿಗೆ ಈ ಹೊಂದಾಣಿಕೆಯ ಗುಣ ಬಹುಮಟ್ಟಿಗೆ ದಕ್ಕಿಲ್ಲ. ಅದು ಮರಿಮಾಡುವುದಕ್ಕೆ ಮರುಭೂಮಿಯ ಅಂಚಿನ ಉಪ್ಪುನೀರಿನ ಸರೋವರವೇ ಬೇಕು, ಆ ಸರೋವರದ ನಡುವೆ ತಗ್ಗಾದ, ಹೆಚ್ಚುಕಡಿಮೆ ಬೋಳಾದ ನಡುಗಡ್ಡೆಯೇ ಬೇಕು. ಚಳಿಗಾಲ ಕಳೆಯುವುದಕ್ಕೆ ಉಬ್ಬರವಿಳಿತಗಳು ತೊಳೆಯುವ ಕೆಸರು ಬಯಲೇ ಬೇಕು. ಹೆಸರಿನಲ್ಲಿ ಕಡಲಿದ್ದರೂ ಈ ಹಕ್ಕಿಯ ಬದುಕಿನ ಅತ್ಯಂತ ನಿರ್ಣಾಯಕವಾದ ತಿಂಗಳುಗಳು ಕಡಲಿನಿಂದ ನೂರಾರು, ಕೆಲವೆಡೆ ಸಾವಿರಾರು ಕಿಲೋಮೀಟರ್ ಒಳನಾಡಿನಲ್ಲಿ ಕಳೆಯುತ್ತವೆ.

ಇಕ್ತಿಯೇಟಸ್ ರೆಲಿಕ್ಟಸ್ ಎಂಬ ವೈಜ್ಞಾನಿಕ ಹೆಸರಿನ ಈ ಹಕ್ಕಿಯ ಉದ್ದ ಸುಮಾರು 45 ಸೆಂಟಿಮೀಟರ್, ಎಂದರೆ ಊರಕಾಗೆಗಿಂತ ತುಸು ಹೆಚ್ಚು. ಬೆನ್ನು ಮತ್ತು ರೆಕ್ಕೆಯ ಮೇಲ್ಭಾಗ ತೆಳು ಬೂದು, ಒಡಲು ಬಿಳಿ, ರೆಕ್ಕೆಯ ತುದಿಗಳಲ್ಲಿ ಕಪ್ಪು. ಕೊಕ್ಕು ಮತ್ತು ಕಾಲುಗಳು ಗಾಢ ಕೆಂಪು. ಮರಿಮಾಡುವ ಕಾಲದಲ್ಲಿ ತಲೆಯಿಡೀ ಕಪ್ಪಾಗಿ, ಆ ಕಪ್ಪಿನ ನಡುವೆ ಕಣ್ಣಿನ ಮೇಲೂ ಕೆಳಗೂ ಅಗಲವಾದ ಬಿಳಿಯ ಅರ್ಧಚಂದ್ರಗಳು ಎದ್ದು ಕಾಣುತ್ತವೆ. ಚಳಿಗಾಲದಲ್ಲಿ ತಲೆಯ ಕಪ್ಪು ಉದುರಿ, ಕಿವಿಯ ಬಳಿ ಮಾಸಲು ಗುರುತಷ್ಟೇ ಉಳಿಯುವುದರಿಂದ, ಪರಿಣತರಲ್ಲದವರಿಗೆ ಬೇರೆ ಕಡಲಕ್ಕಿಗಳ ನಡುವೆ ಇದನ್ನು ಬೇರ್ಪಡಿಸುವುದು ಸುಲಭವಲ್ಲ.

ಈ ಹಕ್ಕಿಯನ್ನು ವಿಜ್ಞಾನ ಒಪ್ಪಿಕೊಂಡ ಬಗೆಯೇ ವಿಚಿತ್ರವಾದುದು. ಸ್ವೀಡನ್ನಿನ ಪರಿಶೋಧಕ ಸ್ವೆನ್ ಹೆಡಿನ್ ಅವರ ಮುಂದಾಳತ್ವದಲ್ಲಿ 1927ರಲ್ಲಿ ಹೊರಟ ಚೀನ–ಸ್ವೀಡನ್ ಜಂಟಿ ಶೋಧಯಾತ್ರೆಯ ಸಂಗ್ರಹಕಾರರಿಗೆ 1929ರ ಏಪ್ರಿಲಿನಲ್ಲಿ, ಗೋಬಿ ಮರುಭೂಮಿಯೊಳಗೇ ಹರಿದು ಅಲ್ಲಿಯೇ ಮುಗಿದುಹೋಗುವ ಎಡ್ಸಿನ್ ಗೋಲ್ ನದಿಯ ಬಳಿ ಇದರ ಮಾದರಿ ದೊರೆಯಿತು. ಅದನ್ನು ಪರಿಶೀಲಿಸಿದ ಸ್ವೀಡನ್ನಿನ ಪ್ರಾಣಿವಿಜ್ಞಾನಿ ಐನಾರ್ ಲೋನ್‌ಬರ್ಗ್ 1931ರಲ್ಲಿ ಅದಕ್ಕೆ ‘ರೆಲಿಕ್ಟಸ್’, ಅಂದರೆ ಹಿಂದೆ ಉಳಿದುಹೋದದ್ದು, ಎಂಬ ಹೆಸರಿಟ್ಟರು. ಆದರೆ ಒಂದು ಪ್ರಭೇದ ಇದೆ ಎನ್ನುವುದಕ್ಕೆ ತೊಗಲೊಂದೇ ಆಧಾರವಾದಾಗ ಸಂಶಯಗಳು ಏಳುವುದು ಸಹಜ. ಅದು ಯುರೋಪಿನ ಮೆಡಿಟರೇನಿಯನ್ ಕಡಲಕ್ಕಿಯ ಪೂರ್ವದ ಶಾಖೆಯಿರಬಹುದೆಂದು ಕೆಲವರು ಊಹಿಸಿದರು. ಅಮೆರಿಕದ ಪಕ್ಷಿಶಾಸ್ತ್ರಜ್ಞ ಚಾರ್ಲ್ಸ್ ವೋರಿ 1962ರಲ್ಲಿ ಇನ್ನೂ ಮುಂದೆ ಹೋಗಿ, ಅದು ಸ್ವತಂತ್ರ ಪ್ರಭೇದವೇ ಅಲ್ಲ, ಪಲ್ಲಾಸನ ಕಡಲಕ್ಕಿ ಮತ್ತು ಕಂದುತಲೆಯ ಕಡಲಕ್ಕಿ ಕೂಡಿ ಹುಟ್ಟಿದ ಮಿಶ್ರತಳಿ ಎಂದು ತೀರ್ಮಾನಿಸಿದರು.

ವೋರಿ ತಂದೆತಾಯಿಗಳೆಂದು ಹೆಸರಿಸಿದ ಈ ಎರಡೂ ಹಕ್ಕಿಗಳು ಕನ್ನಡ ನಾಡಿಗೆ ಅಪರಿಚಿತವಲ್ಲ. ಮಧ್ಯ ಏಷ್ಯದ ಎತ್ತರದ ಪ್ರಸ್ಥಭೂಮಿಗಳಲ್ಲಿಯೂ ಲಡಾಖಿನ ಸರೋವರಗಳಲ್ಲಿಯೂ ಮರಿಮಾಡುವ ಕಂದುತಲೆಯ ಕಡಲಕ್ಕಿ ಚಳಿಗಾಲದಲ್ಲಿ ಕಾರವಾರದಿಂದ ಮಂಗಳೂರಿನವರೆಗಿನ ಅಳಿವೆಗಳಲ್ಲಿ, ಅಂದರೆ ನದಿ ಕಡಲನ್ನು ಸೇರುವ ಬಾಯಿಗಳಲ್ಲಿ, ಮಲ್ಪೆಯಂಥ ಮೀನುಗಾರಿಕೆಯ ಬಂದರುಗಳಲ್ಲಿ ಗುಂಪುಗುಂಪಾಗಿ ಕಾಣುತ್ತದೆ. ಗಾತ್ರದಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಪಲ್ಲಾಸನ ಕಡಲಕ್ಕಿಯೂ ಕಡಿಮೆ ಸಂಖ್ಯೆಯಲ್ಲಿ ಇದೇ ಕರಾವಳಿಗೆ ಬರುತ್ತದೆ. ಮೊದಲನೆಯದರ ತಲೆ ಕಂದು, ಎರಡನೆಯದರದು ಕಪ್ಪು; ಎಡ್ಸಿನ್ ಗೋಲಿನ ಹಕ್ಕಿ ಗಾತ್ರದಲ್ಲಿ ಇವೆರಡರ ನಡುವೆ ನಿಲ್ಲುತ್ತದೆ. ತೊಗಲುಗಳನ್ನು ಮೇಜಿನ ಮೇಲೆ ಸಾಲಾಗಿ ಇರಿಸಿ ನೋಡುವ ವಿದ್ವಾಂಸರಿಗೆ ಮಿಶ್ರತಳಿಯ ಊಹೆ ಅಸಂಗತವೆನಿಸಲು ಕಾರಣವಿರಲಿಲ್ಲ. ವಸ್ತುಸಂಗ್ರಹಾಲಯದ ಪಕ್ಷಿಶಾಸ್ತ್ರಕ್ಕೆ ಇದ್ದ ಮಿತಿ ಇಷ್ಟೇ: ಹಕ್ಕಿ ಎಲ್ಲಿ, ಯಾರೊಡನೆ, ಹೇಗೆ ಗೂಡು ಕಟ್ಟುತ್ತದೆ ಎಂಬುದನ್ನು ತೊಗಲು ಹೇಳಲಾರದು.

ಉತ್ತರ ದೊರೆತದ್ದು 1960ರ ದಶಕದ ಕೊನೆಯಲ್ಲಿ, ಆಗಿನ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಎರಡು ಸರೋವರಗಳಲ್ಲಿ. ಒಂದು, ಸೈಬೀರಿಯದ ಆಗ್ನೇಯಕ್ಕೆ ಡೌರಿಯ ಎಂಬ ಹುಲ್ಲುಗಾವಲಿನ ಸೀಮೆಯಲ್ಲಿರುವ ಬರೂನ್ ತೋರೆಯ್. ಇನ್ನೊಂದು, ಕಜಾಕಸ್ತಾನದ ಪೂರ್ವ ತುದಿಯಲ್ಲಿ, ಚೀನದ ಗಡಿಗೆ ಹತ್ತಿರವಿರುವ ಅಲಾಕೋಲ್. ಅಲಾಕೋಲಿನ ನಡುಗಡ್ಡೆಯಲ್ಲಿ ಈ ಹಕ್ಕಿಗಳ ಗೂಡುಗಳನ್ನು ಪತ್ತೆಮಾಡಿದ ಎರ್ನಾರ್ ಔವೆಜೋವ್, ಕಜಕ್ ಭಾಷೆಯ ಪ್ರಸಿದ್ಧ ಕಾದಂಬರಿಕಾರ ಮುಖ್ತಾರ್ ಔವೆಜೋವ್ ಅವರ ಮಗ. ಒಂದೇ ರೂಪದ ಹಕ್ಕಿಗಳು ನೂರಾರು ಸಂಖ್ಯೆಯಲ್ಲಿ ಒತ್ತೊತ್ತಾಗಿ ಗೂಡು ಕಟ್ಟಿ, ತಮ್ಮೊಳಗೇ ಜೋಡಿಯಾಗಿ, ತಮ್ಮನ್ನೇ ಹೋಲುವ ಮರಿಗಳನ್ನು ಬೆಳೆಸುತ್ತಿದ್ದರೆ ಅದು ಎರಡು ಪ್ರಭೇದಗಳ ನಡುವಿನ ಆಕಸ್ಮಿಕ ಕೂಡಿಕೆಯ ಫಲವಾಗಿರಲು ಸಾಧ್ಯವಿಲ್ಲ. 1971ರಲ್ಲಿ ಈ ವಿವರಗಳು ಪ್ರಕಟವಾದ ಮೇಲೆ, ನಾಲ್ವತ್ತು ವರ್ಷಗಳ ಹಿಂದೆ ಲೋನ್‌ಬರ್ಗ್ ಹೇಳಿದ ಮಾತು ನಿಂತಿತು. ಕಾಗೆಗಿಂತ ದೊಡ್ಡದಾದ ಒಂದು ಹಕ್ಕಿ ಇಪ್ಪತ್ತನೆಯ ಶತಮಾನದ ಮುಕ್ಕಾಲು ಭಾಗ ಕಳೆಯುವವರೆಗೆ ಹೀಗೆ ಅನುಮಾನದಲ್ಲಿಯೇ ಉಳಿದದ್ದಕ್ಕೆ ಅದರ ಸಂಖ್ಯೆ ಕಡಿಮೆಯಿದ್ದದ್ದು ಒಂದು ಕಾರಣವಾದರೆ, ಅದು ಪ್ರತಿ ವರ್ಷ ಒಂದೇ ಎಡೆಯಲ್ಲಿ ಸಿಗುವ ಹಕ್ಕಿಯಾಗಿರದಿದ್ದದ್ದು ಇನ್ನೊಂದು ಕಾರಣ.

ಈ ಎರಡನೆಯ ಕಾರಣವನ್ನು ಅರಿಯಲು ಈ ಹಕ್ಕಿ ಆರಿಸಿಕೊಳ್ಳುವ ಸರೋವರಗಳ ಸ್ವಭಾವವನ್ನು ನೋಡಬೇಕಾಗುತ್ತದೆ. ಮಧ್ಯ ಏಷ್ಯದ ವಿಶಾಲವಾದ ಭಾಗದಲ್ಲಿ ನದಿಗಳು ಕಡಲನ್ನು ಸೇರುವುದಿಲ್ಲ. ಬೆಟ್ಟಗಳಿಂದ ಇಳಿದು ತಗ್ಗು ಪ್ರದೇಶವೊಂದರಲ್ಲಿ ನಿಂತು, ಅಲ್ಲಿಂದ ಆವಿಯಾಗಿ ಹೋಗುತ್ತವೆ. ಹೀಗೆ ಒಳಹರಿವು ಮಾತ್ರ ಇದ್ದು ಹೊರಹರಿವಿಲ್ಲದ ಪ್ರದೇಶವನ್ನು ಭೂಗೋಳಶಾಸ್ತ್ರದಲ್ಲಿ ಮುಚ್ಚಿದ ಜಲಾನಯನ ಎನ್ನುತ್ತಾರೆ. ನೀರು ಆವಿಯಾದರೂ ಅದು ಹೊತ್ತು ತಂದ ಲವಣ ಹಿಂದೆ ಉಳಿಯುವುದರಿಂದ ಇಲ್ಲಿನ ಸರೋವರಗಳು ಕಾಲಕ್ರಮದಲ್ಲಿ ಉಪ್ಪಾಗುತ್ತವೆ, ಮತ್ತು ಮಳೆ ಹೆಚ್ಚಾದ ವರ್ಷಗಳಲ್ಲಿ ಹಿಗ್ಗಿ, ಬರದ ವರ್ಷಗಳಲ್ಲಿ ಕುಗ್ಗಿ, ಕೆಲವೊಮ್ಮೆ ಪೂರ್ತಿ ಬತ್ತಿ ಬಿಳಿಯ ಉಪ್ಪಿನ ಬಯಲಾಗಿ ಬಿಡುತ್ತವೆ. ಬರೂನ್ ತೋರೆಯ್ ಸೀಮೆಯಲ್ಲಿ ಈ ಏರಿಳಿತ ಸುಮಾರು ಮೂವತ್ತು ವರ್ಷಗಳ ಆವರ್ತನದಲ್ಲಿ ನಡೆಯುತ್ತದೆಂದು ಗುರುತಿಸಲಾಗಿದೆ. 2009ರ ಹೊತ್ತಿಗೆ ಆ ಸರೋವರ ಸಂಪೂರ್ಣವಾಗಿ ಒಣಗಿತ್ತು.

ರೆಲಿಕ್ಟ್ ಕಡಲಕ್ಕಿಗೆ ಬೇಕಾದ ನಡುಗಡ್ಡೆ ಹುಟ್ಟುವುದು ಈ ಏರಿಳಿತದ ನಡುವಿನ ಒಂದು ಹಂತದಲ್ಲಿ ಮಾತ್ರ. ನೀರು ತುಂಬಾ ಏರಿದರೆ ತಗ್ಗಾದ ನಡುಗಡ್ಡೆ ಮುಳುಗುತ್ತದೆ. ತುಂಬಾ ಇಳಿದರೆ ಅದು ದಂಡೆಗೆ ಕೂಡಿಕೊಂಡು ನರಿ, ನಾಯಿ, ದನಕುರಿಗಳ ಕಾಲಿಗೆ ದಾರಿಯಾಗುತ್ತದೆ. ಮೇ ತಿಂಗಳಲ್ಲಿ ಬಂದ ಹಕ್ಕಿಗಳು ಒಂದು ನಡುಗಡ್ಡೆಯನ್ನು ಒಪ್ಪಿದರೆ ಅಲ್ಲಿ ಮರಳಿನಲ್ಲಿ ತಗ್ಗು ತೋಡಿ, ಒಣಹುಲ್ಲು ಹಾಸಿ, ಪಕ್ಕದ ಗೂಡಿಗೆ ಕೊಕ್ಕು ತಾಗುವಷ್ಟು ಒತ್ತಾಗಿ ಗೂಡುಕಟ್ಟಿ ಸಾಮಾನ್ಯವಾಗಿ ಎರಡು ಅಥವಾ ಮೂರು ಮೊಟ್ಟೆಗಳನ್ನಿಡುತ್ತವೆ. ಕಾವು ಕೊಡುವ ಅವಧಿ ಮೂರೂವರೆ ವಾರದಷ್ಟು. ಆಹಾರ ಬಹುಮಟ್ಟಿಗೆ ನೀರಿನ ಮೇಲೂ ದಂಡೆಯಲ್ಲೂ ಕೋಟಿಗಟ್ಟಲೆ ಏಳುವ ಕಚ್ಚದ ಸೊಳ್ಳೆಯಂಥ ಕೀಟಗಳು, ಅವುಗಳ ಮರಿಹುಳುಗಳು, ಜೀರುಂಡೆಗಳು. ಮೀನೇ ಇಲ್ಲದಷ್ಟು ಉಪ್ಪಾದ ಸರೋವರವೂ ಈ ಹಕ್ಕಿಗೆ ಸಾಕಾಗುವುದು ಇದರಿಂದಲೇ.

ಇಷ್ಟೆಲ್ಲ ಕೂಡಿಬಂದರೂ ಫಲ ಖಚಿತವಲ್ಲ. ಆಲಿಕಲ್ಲು ಮಳೆ, ಬಿರುಗಾಳಿಗೆ ಎದ್ದ ಅಲೆ, ದೊಡ್ಡ ಕಡಲಕ್ಕಿಗಳ ದಾಳಿ ಇವುಗಳಿಂದ ಇಡೀ ವಸಾಹತಿನ ಮೊಟ್ಟೆಮರಿಗಳು ನಾಶವಾದ ವರ್ಷಗಳುಂಟು. ಮನುಷ್ಯನೊಬ್ಬ ನಡುಗಡ್ಡೆಗೆ ಕಾಲಿಟ್ಟರೂ ಸಾಕು, ಹಕ್ಕಿಗಳು ಒಟ್ಟಿಗೆ ಎದ್ದು ಗಾಬರಿಯಲ್ಲಿ ತಮ್ಮ ಮೊಟ್ಟೆಗಳನ್ನು ತಾವೇ ಹಾಳುಮಾಡಿಕೊಳ್ಳುವುದೂ, ವಸಾಹತನ್ನೇ ತೊರೆದುಹೋಗುವುದೂ ದಾಖಲಾಗಿದೆ. ವಸಾಹತು ಎಂದರೆ ಇಲ್ಲಿ ಒಂದೆಡೆ ಸೇರಿ ಗೂಡುಕಟ್ಟುವ ಹಕ್ಕಿಗಳ ನೆಲೆ. ಅಲಾಕೋಲಿನಲ್ಲಿ ಒಂದು ವರ್ಷ ಸಾವಿರಕ್ಕೂ ಹೆಚ್ಚು ಜೋಡಿಗಳಿದ್ದು, ಮತ್ತೊಂದು ವರ್ಷ ಒಂದೂ ಇಲ್ಲದಿರುವುದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಹಕ್ಕಿಯ ಆಯಸ್ಸು ಉದ್ದವಾದುದರಿಂದ ಕೆಟ್ಟ ವರ್ಷಗಳನ್ನು ಅದು ಕಾಯಬಲ್ಲದು. ಒಂದು ಸರೋವರ ಕೈಕೊಟ್ಟರೆ ಮತ್ತೊಂದನ್ನು ಹುಡುಕಬಲ್ಲದು. ಅಂದರೆ ಅಸ್ಥಿರತೆ ಅದಕ್ಕೆ ಹೊಸದಾಗಿ ಬಂದ ವಿಪತ್ತೇನಲ್ಲ. ಬಗೆಬಗೆಯ ಹಂತಗಳಲ್ಲಿರುವ ಹಲವು ಸರೋವರಗಳು ಒಂದೇ ಸೀಮೆಯಲ್ಲಿ ಇರುವವರೆಗೆ ಅದರ ಸಂತತಿ ನಡೆಯುತ್ತದೆ. ಸಂರಕ್ಷಣೆಯ ಚರ್ಚೆಗಳಲ್ಲಿ ಇಂದಿಗೂ ಸಾಕಷ್ಟು ಒತ್ತು ಸಿಗದ ಅಂಶವಿದು: ಯಾವುದೋ ಒಂದು ಸರೋವರ ಬತ್ತಿದ್ದಕ್ಕಿಂತ, ಪರ್ಯಾಯವಾದ ಸರೋವರಗಳು ಇಲ್ಲವಾಗುವುದು ಈ ಹಕ್ಕಿಗೆ ಹೆಚ್ಚಿನ ಗಂಡಾಂತರ.

ಚೀನದ ಓರ್ಡೋಸ್ ಪ್ರಸ್ಥಭೂಮಿಯ ಇತ್ತೀಚಿನ ಇತಿಹಾಸ ಇದಕ್ಕೆ ಸಾಕ್ಷಿ. ಹಳದಿ ನದಿ ಉತ್ತರಕ್ಕೆ ಬಾಗಿ ಸುತ್ತುವರಿದು ಹರಿಯುವ ಈ ಮರಳುಗಾಡಿನ ತಾವೊಲಿಮಿಯಾವೊ–ಅಲಾಶನ್ ನೂರ್ ಎಂಬ ಸರೋವರದಲ್ಲಿ 1990ರಲ್ಲಿ ರೆಲಿಕ್ಟ್ ಕಡಲಕ್ಕಿಗಳ ವಸಾಹತು ಪತ್ತೆಯಾಯಿತು. (ನೂರ್ ಎಂದರೆ ಮಂಗೋಲ್ ಭಾಷೆಯಲ್ಲಿ ಸರೋವರ.) ಆ ದಶಕದ ಕೊನೆಯ ಹೊತ್ತಿಗೆ ಗೂಡುಗಳ ಸಂಖ್ಯೆ ಸಾವಿರಗಳಲ್ಲಿ ಎಣಿಸುವಷ್ಟಾಗಿ, ಜಗತ್ತಿನ ಅತಿದೊಡ್ಡ ನೆಲೆಯೆಂದು ಅದು ಹೆಸರಾಯಿತು. ಜೌಗುಪ್ರದೇಶಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸರ್‌ನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ 2002ರಲ್ಲಿ ಈ ಸರೋವರದ ರಕ್ಷಿತ ಪ್ರದೇಶ ಸೇರಿತು. ಆದರೆ ಅದೇ ವರ್ಷಗಳಲ್ಲಿ ಸರೋವರ ಒಣಗತೊಡಗಿತ್ತು. ಮಳೆಯ ಕೊರತೆಯ ಜೊತೆಗೆ, ಸರೋವರಕ್ಕೆ ಇಳಿಯುವ ತೊರೆಗಳಿಗೆ ಮೇಲ್ಭಾಗದಲ್ಲಿ ಕಟ್ಟಿದ ಒಡ್ಡುಗಳು ಒಳಹರಿವನ್ನು ಕಡಿಮೆಮಾಡಿದ್ದವು. ನಡುಗಡ್ಡೆಗಳು ದಂಡೆಗೆ ಕೂಡಿಕೊಂಡವು, ಹಕ್ಕಿಗಳು ಬಿಟ್ಟುಹೋದವು. ಗಡಿಗೆರೆ, ನಾಮಫಲಕ, ಅಂತರರಾಷ್ಟ್ರೀಯ ಮಾನ್ಯತೆ ಎಲ್ಲವೂ ಸಿದ್ಧವಾದ ಹೊತ್ತಿಗೆ ನೀರೂ ಇರಲಿಲ್ಲ, ಹಕ್ಕಿಯೂ ಇರಲಿಲ್ಲ.

ಹಕ್ಕಿಗಳು ಹೋದದ್ದು ಬಹಳ ದೂರವೇನೂ ಅಲ್ಲ. ಅದೇ ಪ್ರಸ್ಥಭೂಮಿಯ ಆಗ್ನೇಯಕ್ಕೆ, ಶಾನ್ಶಿ ಪ್ರಾಂತ್ಯ ಮತ್ತು ಒಳಮಂಗೋಲಿಯದ ಗಡಿಯ ಮೇಲಿರುವ ಹೊಂಗ್‌ಜಿಯಾನ್‌ನಾವೊ ಎಂಬ ಸರೋವರದಲ್ಲಿ 2001ರ ನಂತರ ಅವು ನೆಲೆಯೂರಿ, ಕೆಲವೇ ವರ್ಷಗಳಲ್ಲಿ ಅಲ್ಲಿಯ ವಸಾಹತು ಓರ್ಡೋಸಿನ ಹಳೆಯ ವಸಾಹತನ್ನೂ ಮೀರಿಸಿತು. ಒಂದು ಸರೋವರ ಹೋದರೆ ಇನ್ನೊಂದು ಎಂಬ ಹಕ್ಕಿಯ ಪ್ರಾಚೀನ ಉಪಾಯ ಇಲ್ಲಿ ಫಲಿಸಿತು ಎನ್ನಬಹುದು. ಆದರೆ ಹೊಂಗ್‌ಜಿಯಾನ್‌ನಾವೊ ಕೂಡ ಕುಗ್ಗುತ್ತಲೇ ಇತ್ತು: 1960ರ ದಶಕದ ಕೊನೆಯಲ್ಲಿ ಸುಮಾರು 67 ಚದರ ಕಿಲೋಮೀಟರ್ ಇದ್ದ ಅದರ ಹರವು 2010ರ ದಶಕದ ಮಧ್ಯಭಾಗಕ್ಕೆ ಅರ್ಧದಷ್ಟಾಗಿತ್ತು. ಸರೋವರಕ್ಕೆ ನೀರು ತರುವ ಹೊಳೆಗಳಲ್ಲಿ ಕೆಲವು ಒಳಮಂಗೋಲಿಯದಿಂದ, ಕೆಲವು ಶಾನ್ಶಿಯಿಂದ ಹರಿದುಬರುತ್ತವೆ. ಮೇಲ್ಭಾಗದಲ್ಲಿ ಜಲಾಶಯ ಕಟ್ಟುವ ಆಡಳಿತ ಒಂದು, ಕೆಳಭಾಗದಲ್ಲಿ ಸರೋವರ ಕಾಯುವ ಆಡಳಿತ ಇನ್ನೊಂದು. ನದಿನೀರಿನ ಹಂಚಿಕೆಯ ವಿವಾದಗಳನ್ನು ಚೆನ್ನಾಗಿ ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ. ಜೊತೆಗೆ ಈ ಸೀಮೆ ಚೀನದ ಕಲ್ಲಿದ್ದಲ ಗಣಿಗಳ ಕೇಂದ್ರವಾಗಿ ಬೆಳೆದಿರುವುದರಿಂದ ನೀರಿನ ಬೇಡಿಕೆ ಹಿಂದೆಂದೂ ಇಲ್ಲದಷ್ಟು ಏರಿದೆ. ಇಂಥ ಒತ್ತಡ ಒಂದು ಸರೋವರಕ್ಕೆ ಸೀಮಿತವಾಗದೆ ಸೀಮೆಯ ಎಲ್ಲ ಸರೋವರಗಳ ಮೇಲೂ ಏಕಕಾಲಕ್ಕೆ ಬೀಳುವುದರಿಂದ, ಬರದ ವರ್ಷದಲ್ಲಿ ಹಾರಿಹೋಗಲು ತುಂಬಿದ ಸರೋವರ ಮತ್ತೊಂದು ಇರುತ್ತದೆ ಎಂಬ ನಂಬಿಕೆ ಸಡಿಲವಾಗುತ್ತದೆ.

ಬೇಸಿಗೆಯ ನೆಲೆಗಳು ಕಜಾಕಸ್ತಾನ, ರಷ್ಯ, ಮಂಗೋಲಿಯ, ಚೀನಗಳಲ್ಲಿ ಹೀಗೆ ಚದುರಿಕೊಂಡಿದ್ದರೆ, ಚಳಿಗಾಲದ ಚಿತ್ರ ಇದಕ್ಕೆ ಪೂರ್ತಿ ವಿರುದ್ಧವಾದುದು. ಶರತ್ಕಾಲದಲ್ಲಿ ಪೂರ್ವಕ್ಕೆ ಹೊರಟ ಹಕ್ಕಿಗಳಲ್ಲಿ ಹೆಚ್ಚುಪಾಲು ಬಂದು ಸೇರುವುದು ಹಳದಿ ಸಮುದ್ರದ ವಾಯವ್ಯ ಮೂಲೆಯಲ್ಲಿರುವ ಬೋಹಾಯ್ ಕೊಲ್ಲಿಯ ದಂಡೆಗೆ, ಅದರಲ್ಲಿಯೂ ತಿಯಾನ್‌ಜಿನ್ ನಗರ ಮತ್ತು ಹೆಬೇ ಪ್ರಾಂತ್ಯದ ತಾಂಗ್‌ಶಾನ್ ನಡುವಿನ ಕೆಸರು ಬಯಲುಗಳಿಗೆ. ಒಂದಿಷ್ಟು ಹಕ್ಕಿಗಳು ಶಾನ್‌ಡಾಂಗ್, ಜಿಯಾಂಗ್ಸು ಕರಾವಳಿಗಳಿಗೂ ದಕ್ಷಿಣ ಕೊರಿಯಕ್ಕೂ ಹೋಗುತ್ತವೆ. ಕೆಸರು ಬಯಲೆಂದರೆ ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತೆರೆದುಕೊಳ್ಳುವ, ನದಿಗಳು ತಂದ ನುಣ್ಣನೆಯ ಮಣ್ಣಿನಿಂದಾದ ಸಪಾಟು ನೆಲ. ಅದರೊಳಗೆ ಬದುಕುವ ಪುಟ್ಟ ಏಡಿಗಳು, ಹುಳುಗಳು, ಚಿಪ್ಪಿನ ಜೀವಿಗಳು ಈ ಹಕ್ಕಿಯ ಚಳಿಗಾಲದ ಆಹಾರ. ಇಳಿತದ ನೀರಂಚನ್ನು ಹಿಂಬಾಲಿಸಿ ಕೆಸರಿನ ಮೇಲೆ ನಡೆದಾಡುತ್ತ ಏಡಿ ಹಿಡಿಯುವ ಅದರ ರೀತಿ ಕಡಲಕ್ಕಿಗಿಂತ ಉದ್ದಕಾಲಿನ ದಂಡೆಹಕ್ಕಿಗಳಿಗೆ ಹತ್ತಿರವಾದುದು. ಬೇರೆ ಕಡಲಕ್ಕಿಗಳು ಮುತ್ತುವ ಕಸದ ರಾಶಿಗಳ ಕಡೆಗೂ ಮೀನುಕಟ್ಟೆಗಳ ಕಡೆಗೂ ಇದರ ಒಲವಿಲ್ಲ.

ಇಂಥ ಹಕ್ಕಿ ತನ್ನ ಚಳಿಗಾಲಕ್ಕೆಂದು ಅವಲಂಬಿಸಿದ ದಂಡೆ ಚೀನದ ಅತ್ಯಂತ ಬಿರುಸಿನ ಕೈಗಾರಿಕಾ ಕರಾವಳಿಗಳಲ್ಲಿ ಒಂದಾಗಿದೆ. ತಿಯಾನ್‌ಜಿನ್‌ನ ಬಿನ್‌ಹಾಯ್ ಹೊಸ ವಲಯಕ್ಕಾಗಿ, ತಾಂಗ್‌ಶಾನ್‌ನ ಕಾವೊಫೇಡಿಯೆನ್ ಬಂದರಿಗಾಗಿ ಕೆಸರು ಬಯಲುಗಳಿಗೆ ಗೋಡೆ ಕಟ್ಟಿ, ಸಮುದ್ರತಳದ ಮಣ್ಣನ್ನು ಹೀರಿ ತುಂಬಿ, ವಿಸ್ತಾರವಾದ ಭೂಮಿಯನ್ನು ಸೃಷ್ಟಿಸಲಾಯಿತು. ಬೀಜಿಂಗ್‌ನ ಗಾಳಿಯನ್ನು ಹಸನುಗೊಳಿಸುವ ಸಲುವಾಗಿ ರಾಜಧಾನಿಯಿಂದ ಎತ್ತಂಗಡಿಯಾದ ಬೃಹತ್ ಉಕ್ಕಿನ ಕಾರ್ಖಾನೆಗೆ ಜಾಗ ದೊರೆತದ್ದು ಕಾವೊಫೇಡಿಯೆನ್‌ನಲ್ಲಿಯೇ. ಒಂದು ನಗರದ ಪರಿಸರ ಸುಧಾರಣೆಯ ಲೆಕ್ಕ ಇನ್ನೊಂದು ದಂಡೆಯ ಖಾತೆಗೆ ಬಿದ್ದದ್ದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗುವುದು ಕಷ್ಟ. ಉಳಿದ ಬಯಲಿನ ಮೇಲೆ, ದಂಡೆಯ ಸವಕಳಿ ತಡೆಯಲೆಂದು ಹಿಂದೆ ಅಮೆರಿಕದಿಂದ ತಂದು ನೆಟ್ಟ ಸ್ಪಾರ್ಟಿನ ಎಂಬ ಜೌಗುಹುಲ್ಲು ಹಬ್ಬಿ, ತೆರೆದ ಕೆಸರನ್ನು ಮುಚ್ಚುತ್ತ ಬಂದಿದೆ. ಮರಿಮಾಡುವ ಸರೋವರ ಹೋದಾಗ ಓರ್ಡೋಸಿನ ಹಕ್ಕಿಗೆ ಹೊಂಗ್‌ಜಿಯಾನ್‌ನಾವೊ ಸಿಕ್ಕಿತು. ಬೋಹಾಯ್ ಕೊಲ್ಲಿಗೆ ಅಂಥ ಬದಲಿ ಇದೆಯೆಂದು ಹೇಳಲು ಆಧಾರವಿಲ್ಲ. ಈ ಪ್ರಭೇದದ ಭವಿಷ್ಯವನ್ನು ಕುರಿತ ಆತಂಕಕ್ಕೆ ಬೇಸಿಗೆಯ ಸರೋವರಗಳಿಗಿಂತ ಈ ಚಳಿಗಾಲದ ದಂಡೆಯೇ ಹೆಚ್ಚು ಕಾರಣವಾಗಬೇಕು.

ಕಾನೂನಿನ ರಕ್ಷಣೆಯೇನೋ ಕಡಿಮೆಯಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ, ಅಂದರೆ ಐಯುಸಿಎನ್, ತನ್ನ ಕೆಂಪು ಪಟ್ಟಿಯಲ್ಲಿ ರೆಲಿಕ್ಟ್ ಕಡಲಕ್ಕಿಯನ್ನು ‘ದುರ್ಬಲ’ ವರ್ಗದಲ್ಲಿ ಇರಿಸಿದೆ; ಅಳಿವಿನ ಭೀತಿಯ ಮೂರು ಮೆಟ್ಟಿಲುಗಳಲ್ಲಿ ಇದು ಮೊದಲನೆಯದು, ಇದರ ನಂತರದವು ‘ಅಪಾಯದಲ್ಲಿರುವ’ ಮತ್ತು ‘ತೀವ್ರ ಅಪಾಯದಲ್ಲಿರುವ’ ವರ್ಗಗಳು. ಪ್ರಾಯಕ್ಕೆ ಬಂದ ಹಕ್ಕಿಗಳ ಸಂಖ್ಯೆ ಹತ್ತು ಸಾವಿರದಿಂದ ಇಪ್ಪತ್ತು ಸಾವಿರದೊಳಗೆ ಎಂಬುದು ಅಂದಾಜು. ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿಯೂ, ವಲಸೆಯ ಪ್ರಾಣಿಗಳನ್ನು ಕುರಿತ ಬಾನ್ ಒಪ್ಪಂದದ ಮೊದಲ ಅನುಬಂಧದಲ್ಲಿಯೂ ಇದರ ಹೆಸರಿದೆ. ಚೀನದಲ್ಲಿ ಇದು ರಾಷ್ಟ್ರಮಟ್ಟದ ಮೊದಲ ದರ್ಜೆಯ ರಕ್ಷಿತ ಪ್ರಾಣಿ. ಆದರೆ ಇದನ್ನು ಬೇಟೆಯಾಡುವವರಾಗಲಿ ಮಾರುವವರಾಗಲಿ ಇದರ ಮುಖ್ಯ ಶತ್ರುಗಳಲ್ಲ. ಹಕ್ಕಿಯನ್ನು ಮುಟ್ಟಬಾರದೆಂಬ ಕಾನೂನು, ಮೇಲ್ಭಾಗದ ಹೊಳೆಗೆ ಒಡ್ಡು ಕಟ್ಟುವುದನ್ನು ತಡೆಯುವುದಿಲ್ಲ.

ಆದುದರಿಂದ ಹಕ್ಕಿಯ ಹೆಸರೆತ್ತದ ಕ್ರಮಗಳೇ ಕೆಲವೊಮ್ಮೆ ಹೆಚ್ಚು ಉಪಕಾರಿಯಾಗಿವೆ. ಬರೂನ್ ತೋರೆಯ್ ಸೀಮೆಯ ಸರೋವರಗಳ ಸುತ್ತ 1987ರಲ್ಲಿ ಸ್ಥಾಪಿತವಾದ ಡೌರ್‌ಸ್ಕಿ ರಕ್ಷಿತ ಪ್ರದೇಶ 1994ರಲ್ಲಿ ಮಂಗೋಲಿಯ ಮತ್ತು ಚೀನದ ರಕ್ಷಿತ ಪ್ರದೇಶಗಳೊಡನೆ ಸೇರಿ ಮೂರು ದೇಶಗಳ ಜಂಟಿ ಸಂರಕ್ಷಣಾ ವಲಯವಾಯಿತು. ಒಂದು ದೇಶದ ಸರೋವರ ಒಣಗಿದ ವರ್ಷ ಇನ್ನೊಂದು ದೇಶದ ಸರೋವರದಲ್ಲಿ ನೀರಿರಬಹುದು ಎಂಬ ವಾಸ್ತವಕ್ಕೆ ಹೊಂದುವ ಏರ್ಪಾಡು ಇದು. ಅದರ ರಷ್ಯ ಮತ್ತು ಮಂಗೋಲಿಯದ ಭಾಗಗಳು 2017ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಸೇರಿದವು. ಕಜಾಕಸ್ತಾನ 1998ರಲ್ಲಿ ಅಲಾಕೋಲ್ ರಕ್ಷಿತ ಪ್ರದೇಶವನ್ನು ಘೋಷಿಸಿತು. ಹೆಬೇ ಪ್ರಾಂತ್ಯದ ಕಾಂಗ್‌ಬಾವೊದಲ್ಲಿ, ಊರ ಪಕ್ಕದ ಸರೋವರಕ್ಕೆ ಶುದ್ಧೀಕರಿಸಿದ ಬಳಕೆ ನೀರನ್ನು ಹರಿಸಿ, ಹಕ್ಕಿಗಳಿಗಾಗಿ ನಡುಗಡ್ಡೆಗಳನ್ನು ನಿರ್ಮಿಸಿದ ಮೇಲೆ ಅಲ್ಲಿ ರೆಲಿಕ್ಟ್ ಕಡಲಕ್ಕಿಗಳು ಸಾವಿರಗಳಲ್ಲಿ ಗೂಡು ಕಟ್ಟುತ್ತಿವೆ. ಮನುಷ್ಯ ಕಟ್ಟಿಕೊಟ್ಟ ನಡುಗಡ್ಡೆಯನ್ನು ಹಕ್ಕಿ ಒಪ್ಪಿತೆಂಬುದು ಭರವಸೆ ಕೊಡುವ ಸಂಗತಿಯೇ. ಆದರೂ ಸಂತತಿಯ ದೊಡ್ಡ ಪಾಲು ಇಂಥ ಕೆಲವೇ ನೆಲೆಗಳಲ್ಲಿ ಕಿಕ್ಕಿರಿದರೆ ಒಂದು ರೋಗಕ್ಕೆ ಅಥವಾ ಒಂದು ಬಿರುಮಳೆಗೆ ಎಷ್ಟು ಬಲಿಯಾದೀತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಕರಾವಳಿಯ ವಿಚಾರದಲ್ಲಿ ತಿರುವು ಬಂದದ್ದು ತಡವಾಗಿ. 2018ರ ಜನವರಿಯಲ್ಲಿ ಚೀನ ಸರಕಾರ ವಾಣಿಜ್ಯ ಉದ್ದೇಶಕ್ಕಾಗಿ ಸಮುದ್ರ ತುಂಬುವುದಕ್ಕೆ ಕಟ್ಟುನಿಟ್ಟಾದ ತಡೆ ಹಾಕಿತು. ಹಳದಿ ಸಮುದ್ರ ಮತ್ತು ಬೋಹಾಯ್ ದಂಡೆಯ ವಲಸೆಹಕ್ಕಿಗಳ ನೆಲೆಗಳು 2019ರಲ್ಲಿ ವಿಶ್ವಪರಂಪರೆಯ ಮನ್ನಣೆ ಪಡೆದವು. ಆಗ ಸೇರಿದ್ದು ಬೋಹಾಯ್ ಕೊಲ್ಲಿಯಿಂದ ಬಹು ದಕ್ಷಿಣದ ಜಿಯಾಂಗ್ಸು ಪ್ರಾಂತ್ಯದ ದಂಡೆ ಮಾತ್ರ. 2024ರಲ್ಲಿ ಪಟ್ಟಿ ವಿಸ್ತಾರಗೊಂಡು ಹಳದಿ ನದಿಯ ಮುಖಜಭೂಮಿಯೂ, ಬೋಹಾಯ್ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿ ಹೆಬೇ ಪ್ರಾಂತ್ಯದ ನಾನ್‌ಡಾಗಾಂಗ್ ಜೌಗುಪ್ರದೇಶವೂ ಅದಕ್ಕೆ ಸೇರಿದವು. ಸ್ಪಾರ್ಟಿನ ಹುಲ್ಲನ್ನು ಕಿತ್ತೊಗೆಯುವ ರಾಷ್ಟ್ರೀಯ ಕಾರ್ಯಕ್ರಮವೂ 2022ರಿಂದ ನಡೆದಿದೆ. ರೆಲಿಕ್ಟ್ ಕಡಲಕ್ಕಿಗಳು ಅತಿ ಹೆಚ್ಚು ಸಂಖ್ಯೆಯಲ್ಲಿ ಸೇರುವ ತಿಯಾನ್‌ಜಿನ್ ಮತ್ತು ತಾಂಗ್‌ಶಾನ್ ಬಯಲುಗಳು ಮಾತ್ರ ಆ ವಿಶ್ವಪರಂಪರೆಯ ಗಡಿಗಳ ಹೊರಗೆ ಉಳಿದಿವೆ.